ಟೈಟಲ್ ಕಾರ್ಡಿನಲ್ಲಿ ಹೆಸರಿಲ್ಲದ ಕಲಾವಿದ! ಅಜ್ಜಿಯ ನಾನ್‌ಖಟಾಯಿ ಕಲಿಯಹೊರಟ ಕಥೆ

ಅಭಿಮಾನಿ ಮಿತ್ರರೇ, ಮೊದಲು ಒಂದು ಪ್ರಶ್ನೆ. 1959ರಲ್ಲಿ ತೆರೆಗೆ ಬಂದ ಗುರುದತ್ತರ ‘ಕಾಗಜ್ ಕೆ ಫೂಲ್’ ಎಂದ ಕೂಡಲೇ ನಿಮ್ಮ ಕಣ್ಣೆದುರು ಬರುವುದೇನು? ಖಾಲಿ ಸ್ಟುಡಿಯೋದ ಎತ್ತರದಿಂದ ಓರೆಯಾಗಿ ಇಳಿದುಬರುವ ಆ ಬೆಳಕಿನ ಕೋಲು! ಅದರ ಆಚೀಚೆ ಗುರುದತ್ ಮತ್ತು ವಹೀದಾ ರೆಹಮಾನ್. ನೋಡಿದವರು ಹೊಗಳುವುದು ಅವರಿಬ್ಬರನ್ನು. ಆದರೆ ಬಿಸಿಲನ್ನು ಕನ್ನಡಿಗಳಲ್ಲಿ ಹಿಡಿದು ಆ ಸ್ಟುಡಿಯೋದೊಳಗೆ ತಂದವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ಅವರಿಗೆ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದದ್ದು 2008ರ ಸಾಲಿಗೆ. ಕ್ಯಾಮೆರಾಮನ್ ಒಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಚಿತ್ರ ಬಂದು ಅರ್ಧ ಶತಮಾನ ಕಳೆದಿತ್ತು!

“ಏನಯ್ಯಾ, ಮೇಲೆ ನಾನ್‌ಖಟಾಯಿ ಅಂತ ಬರೆದು ಒಳಗೆ ಕ್ಯಾಮೆರಾಮನ್ ಕಥೆ ಹೇಳ್ತೀಯಲ್ಲ” ಎನ್ನಬೇಡಿ. ಹೇಳಹೊರಟಿರುವುದು ನಾನ್‌ಖಟಾಯಿ ಕಥೆಯೇ. ನಮ್ಮ ಮನೆಯಲ್ಲಿ ನಲವತ್ತು ಐವತ್ತು ವರ್ಷ ಓಡಿದ ಸೂಪರ್‌ಹಿಟ್ ತಿನಿಸು ಅದು. ಹೀರೋಯಿನ್ ನಮ್ಮಜ್ಜಿ. ಅದರ ಹಿಂದೆ ಒಬ್ಬ ಮೂರ್ತಿಯವರು ಇದ್ದಾರೆ ಎಂಬುದು ಆಕೆ ಹೋದ ಮೇಲೆಯೇ ನಮಗೆ ಗೊತ್ತಾಗಿದ್ದು!

ಭಟ್ಟಿಯ ಮುಂದೆ ಹೌಸ್‌ಫುಲ್!

ನಮ್ಮದು ಹಳೇ ಹುಬ್ಬಳ್ಳಿಯ ಒಂದು ಓಣಿ. ದೀಪಾವಳಿ ಹತ್ತಿರ ಬಂತೆಂದರೆ ಮನೆಮನೆಯಲ್ಲಿ ಫರಾಳದ ಗದ್ದಲ. ಚಕ್ಕುಲಿ, ಶೇವು, ಶಂಕರಪಾಳಿ, ಕರ್ಚಿಕಾಯಿ, ಬೇಸನ್ ಉಂಡಿ. ಇವೆಲ್ಲ ಒಲೆಯ ಮೇಲೆ ಆಗುವ ತಿನಿಸುಗಳು. ನಾನ್‌ಖಟಾಯಿ ಮಾತ್ರ ಒಲೆಗೆ ಬಗ್ಗುವ ಪೈಕಿ ಅಲ್ಲ. ಅದಕ್ಕೆ ಸುತ್ತಲಿನಿಂದ ಶಾಖ ಬೇಕು. ಆಗ ಮನೆಯಲ್ಲಿ ಓವನ್ ಎಲ್ಲಿಯದು? ಆದ್ದರಿಂದ ಹೆಂಗಸರು ಹಿಟ್ಟು ಕಲಸಿಕೊಂಡು ಓಣಿಯ ತುದಿಯ ಬೇಕರಿ ಭಟ್ಟಿಗೆ ಹೋಗುತ್ತಿದ್ದರು. ಭಟ್ಟಿಯವರೇ ಕೊಡುವ ತಗಡಿನ ತಟ್ಟೆಗಳಲ್ಲಿ ಉಂಡೆ ತಟ್ಟಿ ಸಾಲಿಗೆ ಇಡಬೇಕು. ತಟ್ಟೆಗೆ ಇಷ್ಟು ಎಂದು ದುಡ್ಡು. ರಾಜಕುಮಾರ್ ಚಿತ್ರದ ಮೊದಲ ದಿನ ಟಿಕೆಟ್ ಕೌಂಟರ್ ಮುಂದೆ ಇರುತ್ತಿತ್ತಲ್ಲ, ಅಂಥ ನೂಕುನುಗ್ಗಲು!

ಈ ತಿನಿಸಿನ ಮೂಲ ಸೂರತ್ ಎಂದು ಹೇಳುತ್ತಾರೆ. ಅಲ್ಲಿ ಡಚ್ಚರು ನಡೆಸುತ್ತಿದ್ದ ಬೇಕರಿಯೊಂದು ಅವರು ಊರು ಬಿಟ್ಟಾಗ ಕೆಲಸಕ್ಕಿದ್ದ ಪಾರ್ಸಿಯೊಬ್ಬರ ಕೈಗೆ ಬಂತಂತೆ. ಹಿಟ್ಟು ಹುದುಗಲು ಹಾಕುತ್ತಿದ್ದ ಸೇಂದಿಯನ್ನೂ ಮೊಟ್ಟೆಯನ್ನೂ ಊರ ಜನ ಒಲ್ಲೆ ಎಂದಾಗ ಅವೆರಡನ್ನೂ ಬಿಟ್ಟು ಮಾಡಿದ್ದೇ ಇದು ಎಂಬುದು ಕಥೆ. ‘ನಾನ್’ ಎಂದರೆ ಪಾರ್ಸಿ ಭಾಷೆಯಲ್ಲಿ ರೊಟ್ಟಿ. ಅಲ್ಲಿಂದ ಮುಂಬಯಿಗೆ, ಮುಂಬಯಿಯಿಂದ ನಮ್ಮ ಕಡೆಗೆ. 1956ರ ನವೆಂಬರ್ 1ರವರೆಗೆ ಹುಬ್ಬಳ್ಳಿಯೂ ಮುಂಬಯಿ ರಾಜ್ಯದ ಊರೇ ಆಗಿತ್ತಲ್ಲವೇ!

ನಮ್ಮಜ್ಜಿ ಈ ಓಣಿಗೆ ಸೊಸೆಯಾಗಿ ಬಂದಾಗ ಇದನ್ನು ಅತ್ತೆಯಿಂದ ಕಲಿತಳಂತೆ. ಮುಂದೆ ಪ್ರತಿ ದೀಪಾವಳಿಗೂ ಆಕೆಯದೇ ಕೈ. ಬೇರೆಯವರು ಹಿಟ್ಟು ಮುಟ್ಟುವ ಪ್ರಶ್ನೆಯೇ ಇರಲಿಲ್ಲ. ಸಂಜೆ ದೊಡ್ಡ ಪರಾತಿನಲ್ಲಿ ಹಿಟ್ಟು ಹೊತ್ತು ಮನೆಯಿಂದ ಹೊರಟರೆ ವಾಪಸು ಬರುತ್ತಿದ್ದುದು ನಡುರಾತ್ರಿ ಎರಡಕ್ಕೆ. “ಸಾಲು ಭಾಳ ಇತ್ತು” ಎನ್ನುತ್ತಿದ್ದಳು. ನಾವೂ ಹಾಗೇ ನಂಬಿದ್ದೆವು. ಈ ಮಾತನ್ನು ಸ್ವಲ್ಪ ನೆನಪಿಡಿ. ಇಂಟರ್‌ವೆಲ್ ಆದ ಮೇಲೆ ಇದಕ್ಕೊಂದು ತಿರುವು ಇದೆ!

ಆಕೆಯ ನಾನ್‌ಖಟಾಯಿ ಬಣ್ಣ ಕೆನೆಯದು, ಅಂಚಷ್ಟೇ ತುಸು ಕೆಂಪು. ಮೇಲೆ ಬಿರುಕು, ನಡುವೆ ಮೂರು ಚಾರೋಳಿ ಬೀಜ. ಹಲ್ಲಿಗೆ ಕೆಲಸವಿಲ್ಲ, ನಾಲಿಗೆಯ ಮೇಲಿಟ್ಟರೆ ತಾನೇ ಕರಗಬೇಕು. ನಮ್ಮ ಅಪ್ಪ ಸಾರಿಗೆ ಬಸ್ಸಿನ ಕಂಡಕ್ಟರ್ ಆಗಿದ್ದವರು. ದೀಪಾವಳಿ ಮುಗಿದ ಮೇಲೂ ತಿಂಗಳುಗಟ್ಟಲೆ ಅವರ ಟಿಕೆಟ್ ಚೀಲದ ಮೂಲೆಯಲ್ಲಿ ಕಾಗದದಲ್ಲಿ ಸುತ್ತಿದ ಎರಡು ನಾನ್‌ಖಟಾಯಿ ಇದ್ದೇ ಇರುತ್ತಿದ್ದವು.

ಸ್ಕ್ರಿಪ್ಟ್ ಸಿಕ್ಕಿತು, ಡೈರೆಕ್ಷನ್ ಸಿಗಲಿಲ್ಲ!

ಅಜ್ಜಿ ತೀರಿಕೊಂಡಿದ್ದು 2022ರ ಶ್ರಾವಣದಲ್ಲಿ. ಆ ವರ್ಷ ಮನೆಯಲ್ಲಿ ಹಬ್ಬವಿಲ್ಲ. 2023ರಲ್ಲಿ ಅವ್ವ, ಅತ್ತಿ ಇಬ್ಬರೂ ಫರಾಳಕ್ಕೆ ಕೈ ಹಚ್ಚಿದರು. ಎಲ್ಲ ಆಯಿತು, ನಾನ್‌ಖಟಾಯಿ ಒಂದು ಉಳಿಯಿತು. ಆಗ ಅಜ್ಜಿಯ ಟ್ರಂಕಿನ ತಳದಲ್ಲಿ ಸಿಕ್ಕಿತು ಒಂದು ಚೀಟಿ! ಕಿರಾಣಿ ಅಂಗಡಿಗೆ ಕಳಿಸುತ್ತಿದ್ದ ಸಾಮಾನಿನ ಪಟ್ಟಿ. ಆಕೆಯದೇ ಅಕ್ಷರ: “ಮೈದಾ ಅಚ್ಚೇರು. ಕಡ್ಲಿ ಹಿಟ್ಟು ನವಟಾಕು. ಸಣ್ಣ ರವಾ ಚಟಾಕು. ತುಪ್ಪ ಪಾವಶೇರು ಮ್ಯಾಲ ನವಟಾಕು. ಸಕ್ರಿ ಪಾವಶೇರು ಮ್ಯಾಲ ಚಟಾಕು. ಯಾಲಕ್ಕಿ, ಜಾಜಿಕಾಯಿ, ಚಾರೋಳಿ, ಸೋಡಾ.” ಅಷ್ಟೇ. ಹೇಗೆ ಮಾಡಬೇಕು ಎಂಬುದು ಒಂದಕ್ಷರ ಇಲ್ಲ!

ನಮ್ಮ ವಯಸ್ಸಿನವರಿಗೆ ಈ ಅಳತೆ ಚೀನೀ ಭಾಷೆ ಇದ್ದಂತೆ. ದೇಶದಲ್ಲಿ ಕಿಲೋ-ಗ್ರಾಂ ಕಾನೂನು ಬಂದದ್ದು 1956ರಲ್ಲಿ. 1958ರ ಅಕ್ಟೋಬರಿನಿಂದ ಅದು ಹಂತಹಂತವಾಗಿ ಜಾರಿಗೆ ಬಂತು. ಅಜ್ಜಿಯ ತಲೆಯಲ್ಲಿ ಮಾತ್ರ ಕೊನೆಯವರೆಗೂ ಸೇರೇ ಓಡುತ್ತಿತ್ತು. ಕೂತು ಲೆಕ್ಕ ಹಾಕಿದೆ. 80 ತೊಲಕ್ಕೆ ಒಂದು ಸೇರು. ಒಂದು ತೊಲ ಎಂದರೆ 11.66 ಗ್ರಾಂ. ಹಾಗಾದರೆ ಸೇರು ಸುಮಾರು 933 ಗ್ರಾಂ, ಅಚ್ಚೇರು 466, ಪಾವಶೇರು 233, ನವಟಾಕು 117, ಚಟಾಕು 58. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನ ಗಣಿತಕ್ಕೆ ಇಷ್ಟು ಸಾಕು ಬಿಡಿ!

ಅತ್ತಿ ಆ ಲೆಕ್ಕದಂತೆಯೇ ತೂಗಿದಳು. ತುಪ್ಪ ಕಾಯಿಸಿ ಹಾಕಿದಳು, ಚಪಾತಿ ಹಿಟ್ಟಿನಂತೆ ಚೆನ್ನಾಗಿ ನಾದಿದಳು, ನೆರೆಮನೆಯ ಓವನ್‌ನಲ್ಲಿ 200 ಡಿಗ್ರಿಗೆ ಇಟ್ಟಳು. ಹತ್ತೇ ನಿಮಿಷ! ಹೊರಗೆ ಬಂದದ್ದು ಅಗಲಕ್ಕೆ ಹರಡಿದ, ಮೇಲೆ ಕಂದಿದ, ಒಳಗೆ ಹಸಿ ಕಡ್ಲಿ ಹಿಟ್ಟಿನ ವಾಸನೆಯ ಚಪ್ಪಟೆ ಬಿಲ್ಲೆ. ಸಾಮಾನು ಅದೇ, ಅಳತೆ ಅದೇ, ಚಿತ್ರ ಮಾತ್ರ ಬೇರೆ! ಅಪ್ಪ ಒಂದು ಚೂರು ಬಾಯಿಗೆ ಹಾಕಿಕೊಂಡರು. “ಇದು ಅದಲ್ಲ” ಎಂದರು. ಎದ್ದು ಹೋದರು. ಆ ಹಬ್ಬದಲ್ಲಿ ಅವರು ಫರಾಳದ ತಾಟು ಮುಟ್ಟಲಿಲ್ಲ.

ಇಲ್ಲಿ ನನ್ನ ಮನೆಯ ಸಮಾಚಾರ ಒಂದು ಹೇಳಬೇಕು. ನಾನು ಕಾಲೇಜು ಬಿಟ್ಟು ಸಿನಿಮಾ ಬರೆಯುತ್ತೇನೆಂದು ಗಾಂಧೀನಗರದ ಬಸ್ಸು ಹತ್ತಿದಾಗಿನಿಂದ ಅಪ್ಪನಿಗೂ ನನಗೂ ನಡುವೆ ಮಾತು ಕಡಿಮೆ. ಜಗಳವಿಲ್ಲ, ಆದರೆ ಮಾತೂ ಇಲ್ಲ. ನಮ್ಮಿಬ್ಬರ ನಡುವೆ ಡೈಲಾಗ್ ಒಪ್ಪಿಸುತ್ತಿದ್ದವಳು ಅಜ್ಜಿ. “ನಿಮ್ಮಪ್ಪ ಉಂಡಿದ್ದಿಯಾ ಅಂತ ಕೇಳ್ಯಾನ” ಎಂದು ಫೋನಿನಲ್ಲಿ ಆಕೆಯೇ ಹೇಳುತ್ತಿದ್ದಳು. ಆಕೆ ಹೋದ ಮೇಲೆ ಆ ಲೈನೂ ಕಟ್ ಆಯಿತು. ಅಪ್ಪನ ಆ “ಇದು ಅದಲ್ಲ” ನನ್ನ ಕಿವಿಯಲ್ಲಿ ಉಳಿಯಿತು. ಹಾಗಾದರೆ ಅದು ಯಾವುದು? ನೋಡಿಯೇಬಿಡೋಣ ಎನಿಸಿತು.

ಎಂಟ್ರಿ ಕೊಟ್ಟರು ಚಾಚಾ!

2024ರ ದಸರಾ ಮುಗಿದ ವಾರ ಹುಬ್ಬಳ್ಳಿಗೆ ಹೋದವನು ನೇರವಾಗಿ ಭಟ್ಟಿಗೆ ನಡೆದೆ. ಭಟ್ಟಿ ಚಾಚಾಗೆ ಎಪ್ಪತ್ತು ದಾಟಿದೆ. ಮೊಣಕೈವರೆಗೆ ಮೈದಾ, ಹೆಗಲ ಮೇಲೆ ಟವೆಲ್. ನನ್ನ ಗುರುತು ಹೇಳಿದೆ.

“ಏನ್ಪಾ ತಮ್ಮಾ, ಆಯಿ ಮೊಮ್ಮಗಾ? ಬಾ ಕೂಡು” ಎಂದರು. ಬಂದ ಕಾರಣ ಹೇಳಿದ್ದಕ್ಕೆ ನಕ್ಕರು. “ಈ ದೀಪಾವಳಿ ಮುಗಿಯೋತನಕ ಕಲಿ. ಆಮ್ಯಾಲೆ ಭಟ್ಟಿನೇ ಇರಂಗಿಲ್ಲ.”

ಮಕ್ಕಳಿಗೆ ಬೇರೆ ಬೇರೆ ಉದ್ಯೋಗ. ಕಟ್ಟಿಗೆ ಸಿಗುವುದು ಕಷ್ಟ, ಸಿಕ್ಕರೂ ತುಟ್ಟಿ. ಅವರ ಮೊಣಕಾಲು ಕೂಡ ಕೈಕೊಟ್ಟಿತ್ತು. ಹಬ್ಬ ಆದ ಮೇಲೆ ಭಟ್ಟಿ ಒಡೆಯುವುದೆಂದು ನಿಶ್ಚಯವಾಗಿಬಿಟ್ಟಿತ್ತು. ಅಂದರೆ ನನಗೆ ಇದ್ದದ್ದು ಎರಡೇ ವಾರ!

ಗೆಳೆಯರು ತಮಾಷೆ ಮಾಡಿದರು. “ಹೀರೋ ಇಂಟರ್‌ವ್ಯೂ ಬಿಟ್ಟು ಬಿಸ್ಕತ್ತು ತಟ್ಟಾಕ ಹೊಂಟಿಯೇನಲೇ?” ಎಂದರು. ಆ ಗೆಳೆಯರನ್ನು ಒಂದು ರಾತ್ರಿ ಭಟ್ಟಿಯ ಬಾಯಿ ಮುಂದೆ ನಿಲ್ಲಿಸಬೇಕಿತ್ತು. ಐದೇ ನಿಮಿಷಕ್ಕೆ ಹುಬ್ಬು ಸುಡುತ್ತದೆ. ಅಲ್ಲಿ ದುಡಿಯುವವರೆಲ್ಲ ಗಂಡಸರೇ, ಯಾವ ಸ್ಟಂಟ್ ಮಾಸ್ಟರಿಗೂ ಕಡಿಮೆಯಿಲ್ಲದವರು!

ಭಟ್ಟಿ ಎಂದರೆ ಇಟ್ಟಿಗೆಯ ಗುಮ್ಮಟ. ಮಧ್ಯಾಹ್ನ ಅದರ ಹೊಟ್ಟೆಯೊಳಗೇ ಕಟ್ಟಿಗೆ ಉರಿಸುತ್ತಾರೆ. ಗಂಟೆಗಟ್ಟಲೆ ಉರಿದು ಇಟ್ಟಿಗೆಗಳು ಶಾಖ ಕುಡಿಯುತ್ತವೆ. ಆಮೇಲೆ ಕೆಂಡವನ್ನೆಲ್ಲ ಹೊರಗೆಳೆದು, ಒದ್ದೆ ಗೋಣಿಯಿಂದ ನೆಲ ಒರೆಸುತ್ತಾರೆ. ಬೇಯಿಸುವಾಗ ಒಳಗೆ ಬೆಂಕಿ ಇರುವುದಿಲ್ಲ! ಇಟ್ಟಿಗೆ ಕುಡಿದ ಶಾಖವೇ ನಿಧಾನವಾಗಿ ವಾಪಸು ಬರುತ್ತದೆ. ಮೊದಲ ಕಾವಿಗೆ ಪಾವು, ಬ್ರೆಡ್ಡು. ಕಾವು ಇಳಿದ ಮೇಲೆ ಬನ್ನು. ಇನ್ನೂ ಇಳಿದ ಮೇಲೆ ಬಿಸ್ಕತ್ತು.

“ಬ್ರೆಡ್ಡಿಗೆ ಸಿಟ್ಟಿನ ಕಾವು ಬೇಕು. ನಾನಕಟಾಯಿಗೆ ಸಿಟ್ಟು ಇಳದ ಕಾವು ಬೇಕು” ಎಂದರು ಚಾಚಾ. ಅಷ್ಟು ಹೇಳಿ ಒಂದು ಚಿಟಿಕೆ ಮೈದಾ ಒಳಗೆ ಎಸೆದರು. ಕೂಡಲೇ ಕರ್ರಗಾಯಿತು. “ಈಗ ಬ್ಯಾಡ.” ಎರಡು ತಾಸು ಬಿಟ್ಟು ಮತ್ತೆ ಎಸೆದರು. ಮೈದಾ ನಿಧಾನಕ್ಕೆ, ಬೆಲ್ಲದ ಬಣ್ಣಕ್ಕೆ ತಿರುಗಿತು. “ಈಗ ನೋಡು, ಹಾದಿಗೆ ಬಂತು.” ಥರ್ಮಾಮೀಟರ್ ಇಲ್ಲ, ಗಡಿಯಾರ ಇಲ್ಲ. ವಿ.ಕೆ. ಮೂರ್ತಿಯವರಿಗೆ ಬಿಸಿಲು ಹೇಗೋ ಚಾಚಾಗೆ ಶಾಖ ಹಾಗೆ!

ಇಗೋ ತಿರುವು!

ಮೊದಲ ರಾತ್ರಿ ಕಲಿತದ್ದು ಹಿಟ್ಟು. ಚಾಚಾ ಹೇಳಿದ್ದು ಒಂದೇ ಮಾತು: “ನಿಮ್ಮ ಆಯಿ ಹಿಟ್ಟ ನಾದತಿದ್ದಿಲ್ಲ, ತಿಕ್ಕತಿದ್ರು.” ಗಟ್ಟಿ ತುಪ್ಪ ಮತ್ತು ಸಕ್ಕರೆ ಪುಡಿಯನ್ನು ಪರಾತಿಗೆ ಹಾಕಿ ಅಂಗೈಯಿಂದ ತಿಕ್ಕಬೇಕು. ಅರ್ಧ ತಾಸು! ಹಳದಿ ತುಪ್ಪ ಬೆಳ್ಳಗಾಗಿ, ಬೆಣ್ಣೆಯಂತೆ ಉಬ್ಬುತ್ತದೆ. ತಿಕ್ಕಿದಷ್ಟೂ ಅದರೊಳಗೆ ಗಾಳಿ ಸೇರುತ್ತದೆ. ಬೇಯುವಾಗ ಆ ಗಾಳಿಯೇ ಒಳಗೆ ಸಣ್ಣ ಸಣ್ಣ ತೂತು ಮಾಡಿ ಹಗುರ ಮಾಡುವುದು. ಕರಗಿದ ತುಪ್ಪದಲ್ಲಿ ಗಾಳಿ ನಿಲ್ಲುವುದಿಲ್ಲ. ಹಿಟ್ಟು ಸೇರಿಸಿದ ಮೇಲೆ ನಾದಲೇಬಾರದು, ಬೆರಳ ತುದಿಯಲ್ಲಿ ಕೂಡಿಸಬೇಕು ಅಷ್ಟೇ. ನಾದಿದರೆ ಮೈದಾ ಜಿಗುಟಾಗಿ ಗಟ್ಟಿ ಬಿಸ್ಕತ್ತಾಗುತ್ತದೆ. ಅತ್ತಿಯ ಬಿಲ್ಲೆಯ ರಹಸ್ಯ ಅರ್ಧ ಬಯಲಾಯಿತು.

ಉಳಿದರ್ಧ ಬಯಲಾಗಿದ್ದು ಮೂರನೆಯ ರಾತ್ರಿ. ಗಂಟೆ ಹನ್ನೊಂದಾಗಿತ್ತು. ಉಳಿದವರ ತಟ್ಟೆಗಳು ಒಳಗೆ ಹೋಗಿ ಹೊರಗೆ ಬರುತ್ತಿದ್ದವು. ನನ್ನ ತಟ್ಟೆ ಪಡಸಾಲೆಯ ಹಲಗೆಯ ಮೇಲೆ ತಣ್ಣಗೆ ಕೂತಿತ್ತು. “ಚಾಚಾ, ನಮ್ಮ ಪಾಳಿ ಯಾವಾಗ?” ಎಂದೆ.

“ಕಡೀಗೆ” ಎಂದರು. “ನಿಮ್ಮ ಆಯಿ ತಟ್ಟಿ ಯಾವಾಗ್ಲೂ ಕಡೀಗೆ ಒಳಗ ಹೋಗ್ತಿತ್ತು. ಸಾಲಿನಾಗ ಮೊದಲ ಬಂದ್ರೂ ಬಾಕಿಯವರನ್ನ ಮುಂದ ಬಿಡ್ತಿದ್ರು. ಇದೇ ಹಲಗಿ ಮ್ಯಾಲ ಕುಂದರತಿದ್ರು.”

ಕೇಳಿದಿರಾ ಮಿತ್ರರೇ? ಸಾಲು ಉದ್ದ ಇತ್ತು ಎಂಬುದು ಬರೀ ಡೈಲಾಗ್! ಎಲ್ಲರೂ ಮನೆಗೆ ಹೋದ ಮೇಲೆ ಬರುವ ಕೊನೆಯ ಕಾವಿಗಾಗಿ ಆಕೆ ಬೇಕೆಂದೇ ಕಾಯುತ್ತಿದ್ದಳು. ಕಾರಣವೂ ಗಟ್ಟಿಯಾಗಿದೆ. ಉಳಿದವರದು ಬರೀ ಮೈದಾ. ಅಜ್ಜಿಯದರಲ್ಲಿ ಕಡ್ಲಿ ಹಿಟ್ಟು ಇದೆ. ಕಡ್ಲಿ ಹಿಟ್ಟಿನ ಹಸಿ ವಾಸನೆ ಹೋಗಬೇಕಾದರೆ ನಿಧಾನ ಶಾಖದಲ್ಲಿ ಬಹಳ ಹೊತ್ತು ಬೇಯಬೇಕು. ಬಿಸಿ ಹೆಚ್ಚಾದರೆ ಮೇಲಿನ ಸಕ್ಕರೆ ಕಂದುತ್ತದೆ, ಒಳಗೆ ಹಸಿ ಉಳಿಯುತ್ತದೆ. ಇನ್ನೊಂದು ಲಾಭವೂ ಇತ್ತು. ದೀಪಾವಳಿಯ ರಾತ್ರಿಯ ಚಳಿಗಾಳಿಯಲ್ಲಿ ಮೂರು ತಾಸು ಕೂತ ಹಿಟ್ಟಿನ ತುಪ್ಪ ಮತ್ತೆ ಗಟ್ಟಿಯಾಗುತ್ತಿತ್ತು. ಗಟ್ಟಿ ತುಪ್ಪದ ಉಂಡೆ ಹರಡದೆ ನಿಲ್ಲುತ್ತದೆ, ನಿಂತು ಮೇಲೆ ಬಿರಿಯುತ್ತದೆ. ಆ ಚೆಲುವಾದ ಬಿರುಕಿಗೆ ಕಾರಣ ಹುಬ್ಬಳ್ಳಿಯ ಚಳಿ!

ಮೂರು ಚಾರೋಳಿಯ ಗುಟ್ಟೂ ಅಲ್ಲಿಯೇ ತಿಳಿಯಿತು. ನಾವು ಅದನ್ನು ಅಲಂಕಾರ ಎಂದುಕೊಂಡಿದ್ದೆವು. ಒಂದೇ ಭಟ್ಟಿಯೊಳಗೆ ಹತ್ತು ಮನೆಯ ತಟ್ಟೆ ಹೋದಾಗ ಯಾರದು ಯಾವುದು? ಒಬ್ಬರದು ಒಂದು ಬಾದಾಮಿ, ಇನ್ನೊಬ್ಬರದು ಬೆರಳಿನ ಗುಳಿ, ಮತ್ತೊಬ್ಬರದು ಚಮಚದ ಗೆರೆ. ಮೂರು ಚಾರೋಳಿ ನಮ್ಮ ಮನೆಯ ರಿಜಿಸ್ಟರ್ ನಂಬರ್!

ಇನ್ನೂ ಒಂದು ವಿಷಯ. ಕೊನೆಯ ಕಾವು ಬರುವ ಹೊತ್ತಿಗೆ ಚಾಚಾನ ದಿನದ ಕೆಲಸ ಮುಗಿದಿರುತ್ತಿತ್ತು. ನಸುಕಿನಲ್ಲಿ ಎದ್ದ ಮನುಷ್ಯ ಬಾಗಿಲು ಹಾಕಿ ಮಲಗಬಹುದಿತ್ತು. ನಮ್ಮ ಒಂದು ಮನೆಯ ತಟ್ಟೆಗಾಗಿ ನಡುರಾತ್ರಿಯವರೆಗೆ ಭಟ್ಟಿಯ ಬಾಯಿಗೆ ತಗಡು ಮುಚ್ಚಿ, ತೆಗೆದು, ನೋಡಿ, ಮತ್ತೆ ಮುಚ್ಚಿ ಎಚ್ಚರವಿರುತ್ತಿದ್ದರು. ಅದಕ್ಕೆ ಹೆಚ್ಚಿನ ದುಡ್ಡು ತಗೊಂಡದ್ದಿಲ್ಲ. “ಆಯಿ ಚಾ ಕಾಸಿ ತರತಿದ್ರು. ಇಬ್ಬರೂ ಕುಡಕೋತ ಕೂಡ್ತಿದ್ವಿ” ಎಂದರು, ಅಷ್ಟೇ. ನಾವು ಮನೆಯಲ್ಲಿ ಡಬ್ಬಿ ತೆರೆದು “ಅಜ್ಜಿ ಕೈರುಚಿ, ಅಜ್ಜಿ ಕೈರುಚಿ” ಎಂದು ಹೊಗಳುತ್ತಿದ್ದೆವಲ್ಲ, ಅದರಲ್ಲಿ ಅರ್ಧ ಕೈ ಈ ಮನುಷ್ಯನದು!

ಕ್ಲೈಮ್ಯಾಕ್ಸ್!

ಭಟ್ಟಿಯ ಕೊನೆಯ ರಾತ್ರಿ. ನಾಲ್ಕು ತಟ್ಟೆ ತಟ್ಟಿ ಹಲಗೆಯ ಮೇಲೆ ಇಟ್ಟಿದ್ದೆ. ಹನ್ನೆರಡೂವರೆಗೆ ಓಣಿಯಲ್ಲಿ ಯಾರೋ ಬರುವ ಸದ್ದು. ನೋಡಿದರೆ ಅಪ್ಪ! ಕೈಯಲ್ಲಿ ಚಹಾದ ಕಿಟಲಿ. ಏನೂ ಮಾತಾಡದೆ ಅಜ್ಜಿ ಕೂರುತ್ತಿದ್ದ ಹಲಗೆಯ ತುದಿಗೆ ಕೂತರು. ಚಿಕ್ಕವರಿದ್ದಾಗ ಅವರೂ ಈ ಪರಾತು ಹೊತ್ತು ತಂದವರಂತೆ. ಚಾಚಾ ಮತ್ತು ಅಪ್ಪ ಹಳೆಯ ಓಣಿ, ಹಳೆಯ ಟಾಕೀಸು, ಸತ್ತವರು, ಇದ್ದವರು ಎಂದು ಮಾತಾಡುತ್ತ ಕೂತರು. ನಾನು ಸುಮ್ಮನೆ ಕೇಳುತ್ತಿದ್ದೆ.

ಎರಡು ಗಂಟೆಗೆ ಚಾಚಾ ಉದ್ದ ಹಿಡಿಯ ಹಲಗೆಯಿಂದ ಮೊದಲ ತಟ್ಟೆ ಎಳೆದರು. ಬಿಸಿ ನಾನ್‌ಖಟಾಯಿ ಮೆತ್ತಗಿರುತ್ತದೆ, ಮುಟ್ಟಿದರೆ ಪುಡಿ. ಆರುವವರೆಗೆ ಕಾಯಬೇಕು. ಕಾದೆವು. ಅಪ್ಪ ಒಂದು ತೆಗೆದುಕೊಂಡರು, ಮೂಸಿದರು, ಬಾಯಿಗಿಟ್ಟರು. ಬಹಳ ಹೊತ್ತು ಮಾತಿಲ್ಲ.

“ಜಾಜಿಕಾಯಿ ತುಸು ಹೆಚ್ಚಾತು” ಎಂದರು.

ಆಮೇಲೆ ಇನ್ನೂ ನಾಲ್ಕು ತಿಂದರು!

ಮನೆಗೆ ನಡೆಯುವಾಗ ಪರಾತಿನ ಒಂದು ಬದಿ ಅವರು ಹಿಡಿದಿದ್ದರು, ಇನ್ನೊಂದು ಬದಿ ನಾನು. “ನಿನ್ನ ಪುಸ್ತಕದಾಗ ಇದನ್ನ ಬರಿ. ಚಾಚಾನ ಕೆಲಸ ಬರಿ” ಎಂದರು. ನಾನು ಬರೆಯುವ ಪತ್ರಿಕೆಯ ಬಗ್ಗೆ ಅವರು ಆಡಿದ ಮೊದಲ ಮಾತು ಅದು. ಮುಂದೆ ಗೊತ್ತಾಯಿತು, ನನ್ನ ಹೆಸರು ಬಂದ ಸಂಚಿಕೆಗಳನ್ನು ಬಸ್‌ಸ್ಟ್ಯಾಂಡ್ ಅಂಗಡಿಯಿಂದ ಅವರು ಅಷ್ಟೂ ವರ್ಷ ತರುತ್ತಲೇ ಇದ್ದರಂತೆ!

ಈಗ ನಿಮ್ಮ ಪಾಳಿ

ಹಬ್ಬದ ನಂತರ ಭಟ್ಟಿ ಒಡೆದರು. 2025ರ ದೀಪಾವಳಿಗೆ ಮನೆಯ ಸಣ್ಣ ಓವನ್‌ನಲ್ಲೇ ಪ್ರಯೋಗ. ಆಸಕ್ತಿ ಇದ್ದವರು ಬರೆದುಕೊಳ್ಳಿ. 350 ಗ್ರಾಂ ಗಟ್ಟಿ ತುಪ್ಪ, 290 ಗ್ರಾಂ ಸಕ್ಕರೆ ಪುಡಿ, ಎರಡನ್ನೂ ಬೆಳ್ಳಗಾಗುವವರೆಗೆ ತಿಕ್ಕಿ. ಎರಡು ಚಮಚ ಗಟ್ಟಿ ಮೊಸರಿಗೆ ಅರ್ಧ ಚಮಚ ಅಡುಗೆ ಸೋಡಾ ಬೆರೆಸಿ ಹಾಕಿ. ಮೊಸರಿನ ಹುಳಿ ತಾಗಿ ಸೋಡಾ ಉಬ್ಬುತ್ತದೆ. ಆಮೇಲೆ 466 ಗ್ರಾಂ ಮೈದಾ, 117 ಗ್ರಾಂ ಕಡ್ಲಿ ಹಿಟ್ಟು, 58 ಗ್ರಾಂ ಚಿರೋಟಿ ರವೆ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ, ಜಾಜಿಕಾಯಿ (ತುಸು ಕಡಿಮೆ!). ನಾದದೆ ಕೂಡಿಸಿ. ಸುಮಾರು ಐವತ್ತು ಉಂಡೆ ಆಗುತ್ತವೆ. ತುಸು ಒತ್ತಿ, ನಡುವೆ ಜಾಗ ಬಿಟ್ಟು ತಟ್ಟೆಯಲ್ಲಿಡಿ. ಹುಬ್ಬಳ್ಳಿ ಚಳಿಯ ಬದಲು ಅರ್ಧ ತಾಸು ಫ್ರಿಜ್.

ಓವನ್ ಒಳಗೆ ಒಂದು ದಪ್ಪ ಕಬ್ಬಿಣದ ತವೆ ಇಟ್ಟು 180 ಡಿಗ್ರಿಗೆ ಚೆನ್ನಾಗಿ ಕಾಯಿಸಿ. ತವೆಯೇ ನಿಮ್ಮ ಇಟ್ಟಿಗೆ. ತಟ್ಟೆ ಒಳಗಿಟ್ಟ ಕೂಡಲೇ 150ಕ್ಕೆ ಇಳಿಸಿ. ಅದೇ ಚಾಚಾನ ಸಿಟ್ಟು ಇಳಿದ ಕಾವು. 25ರಿಂದ 30 ನಿಮಿಷ. ಅಂಚು ತುಸು ಕೆಂಪಾದರೆ ತೆಗೆಯಿರಿ, ಪೂರ್ತಿ ಆರುವವರೆಗೆ ಮುಟ್ಟಬೇಡಿ. ಗುರುತು ಮಾತ್ರ ನಿಮ್ಮದೇ ಹಾಕಿಕೊಳ್ಳಿ, ಮೂರು ಚಾರೋಳಿ ನಮ್ಮದು!

ಒಂದು ಡಬ್ಬಿ ತುಂಬಿಕೊಂಡು ಚಾಚಾನ ಮನೆಗೆ ಹೋದೆ. ಚಹಾದಲ್ಲಿ ಅದ್ದಿ ತಿಂದರು. “ಕಟ್ಟಿಗಿ ವಾಸನಿ ಇಲ್ಲ. ಅದು ಬಿಟ್ಟರ ಐತಿ” ಎಂದರು. ಸರ್ಟಿಫಿಕೇಟ್ ಸಿಕ್ಕ ಖುಷಿಯಲ್ಲಿ ಕೇಳಿದೆ: “ಚಾಚಾ, ಪತ್ರಿಕೆಯಲ್ಲಿ ನಿಮ್ಮ ಹೆಸರು ಹಾಕ್ತೀನಿ.”

ಕೈ ಅಡ್ಡ ಆಡಿಸಿಬಿಟ್ಟರು. “ಹೆಸರು ಬ್ಯಾಡ ತಮ್ಮಾ. ಓದಿ ಮಂದಿ ತಟ್ಟಿ ಹಿಡಕೊಂಡು ಬಂದ್ರ ಎಲ್ಲಿ ಬೇಯಿಸ್ಲಿ? ನಿಮ್ಮ ಆಯಿ ಹೆಸರು ಹಾಕು.”

ಅಜ್ಜಿ ಇದ್ದಿದ್ದರೆ ಆಕೆಯೂ ಒಪ್ಪುತ್ತಿರಲಿಲ್ಲ. ಆದ್ದರಿಂದ ಮಿತ್ರರೇ, ಈ ಚಿತ್ರಕ್ಕೆ ಟೈಟಲ್ ಕಾರ್ಡ್ ಇಲ್ಲ. ಡಬ್ಬಿ ಮಾತ್ರ ಇದೆ, ಹುಬ್ಬಳ್ಳಿ ಕಡೆ ಬಂದರೆ ಚಹಾಕ್ಕೆ ಬನ್ನಿ.